ಕೊಪಣವೆಂಬ ಉಪಮಾನ

ರನ್ನ ಮಹಾಕವಿಯು ಕ್ರಿ.ಶ. ೯೯೩ರಲ್ಲಿ ರಚಿಸಿದ ಅಜಿತಪುರಾಣದಲ್ಲಿ, ಆ ಕಾವ್ಯವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತವನ್ನು ಕೊಂಡಾಡುವ ಪುಟ್ಟ ಪದ್ಯವೊಂದುಂಟು. ಆ ಸಾಧ್ವಿಯ ನಡತೆಯ ಪಾವಿತ್ರ್ಯವನ್ನು ತಿಳಿಸುವದಕ್ಕಾಗಿ ಕವಿಯು ಅದರಲ್ಲಿ ನಾಲ್ಕು ಉಪಮಾನಗಳನ್ನು ತಂದಿರುವನು: ಬಿಳಿಯ ಅರಳೆ, ಗಂಗೆಯ ನೀರು, ಅಜಿತಸೇನ ಮುನಿಯ ಗುಣಗಳು, ಕೊಪಣದ ಬೆಟ್ಟ. ಪಂಡಿತರು ಕೋಶವನ್ನು ತಿರುವಿಹಾಕಿ ಆರಿಸಿದ ಉಪಮಾನಗಳಲ್ಲ ಇವು. ಕೇಳುವವರ ಕಣ್ಣ ಮುಂದೆ, ನಾಲಗೆಯ ತುದಿಯಲ್ಲಿ ಇದ್ದಂಥವು. ಅರಳೆಯು ಕಪ್ಪುನೆಲದ ಈ ಸೀಮೆಯಲ್ಲಿ ಮನೆಮನೆಯ ವಸ್ತು. ಗಂಗೆಯಾದರೋ ಎಲ್ಲರೂ ಅರಿತ ಹೆಸರು. ಅಜಿತಸೇನನು ರನ್ನನಿಗೂ ಗಂಗರ ಮಂತ್ರಿ ಚಾವುಂಡರಾಯನಿಗೂ ಗುರುವಾಗಿದ್ದವನು. ಆ ಪೀಳಿಗೆಯವರು ಬಲ್ಲ ಮಹಾಪುರುಷ. ಕೊಪಣವಾದರೋ ಕೈಯೆತ್ತಿ ತೋರಿಸಬಹುದಾದ ಒಂದು ಊರು. ಹೀಗೆ ನಾಲ್ಕರಲ್ಲಿ ಎರಡು ಸಾರ್ವಕಾಲಿಕವಾದವು, ಎರಡು ಕವಿಯ ಕಾಲದ ಜನವಾರ್ತೆಗೆ ಸೇರಿದವು.

ಈಗ ಕುಷ್ಟಗಿಯ ಶಾಲೆಯೊಂದರಲ್ಲಿ ಈ ಪದ್ಯವನ್ನು ಓದಿಸಿದರೆ ಆಗುವದೇನು? ಹುಡುಗನಿಗೆ ಅರಳೆಯನ್ನು ತಿಳಿಸಬೇಕಾದ್ದಿಲ್ಲ, ಗಂಗೆಯನ್ನು ತಿಳಿಸಬೇಕಾದ್ದಿಲ್ಲ. ಅಜಿತಸೇನನೆಂದರೆ ಯಾರೋ ಒಬ್ಬ ಮುನಿಯೆಂದು ಅವನು ಊಹಿಸಿಕೊಳ್ಳುವನು. ಕೊಪಣದಲ್ಲಿ ಮಾತ್ರ ಅವನು ತಡವರಿಸಿ ನಿಲ್ಲುವನು. ಟೀಕೆಯನ್ನು ನೋಡಿದರೆ ‘ಒಂದು ಜೈನಕ್ಷೇತ್ರ’ ಎಂಬ ಎರಡು ಮಾತುಗಳಲ್ಲಿ ಅದರ ಅರ್ಥ ಮುಗಿದಿರುವದು. ಅದೇ ಕೊಪಣವು ಅವನ ಊರಿಂದ ತೆಂಕಣಕ್ಕೆ ಒಂದು ಹೊತ್ತಿನ ಪ್ರಯಾಣದಲ್ಲಿರುವ, ಅವನ ತಂದೆಯು ಕಾಗದಪತ್ರಗಳಿಗಾಗಿ ಹೋಗಿಬರುವ ಕೊಪ್ಪಳವೆಂಬದನ್ನು ಆ ಟೀಕೆಯು ಅವನಿಗೆ ಹೇಳುವದಿಲ್ಲ. ಸಾವಿರ ವರ್ಷಗಳ ಹಿಂದೆ ಯಾವ ಹೆಸರು ವಿವರಣೆಯನ್ನು ಬೇಡದೆ ಉಳಿದ ವಸ್ತುಗಳಿಗೆ ಬೆಳಕು ಕೊಡುತ್ತಿದ್ದಿತೋ ಅದಕ್ಕೇ ಈಗ ವಿವರಣೆ ಬೇಕಾಗಿರುವದು. ಅದೂ ಅದರ ನೆರೆಯವರಿಗೇ ಬೇಕಾಗಿರುವದು!

ಕೊಪಣದ ಹೆಸರು ರನ್ನನಿಗಿಂತ ಬಹು ಮುಂಚೆಯೇ ಅಳತೆಗೋಲಾಗಿದ್ದಿತು. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಸುಮಾರು ೮೫೦ರಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿಯದೆಂದು ಹೇಳುವಾಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳೆಂಬ ನಾಲ್ಕು ಊರುಗಳನ್ನು ಎಣಿಸಿ, ಅವುಗಳ ನಡುವಣ ನಾಡನ್ನು ತೋರಿಸಿರುವದು. ಕಿಸುವೊಳಲ್ ಈಗಿನ ಪಟ್ಟದಕಲ್ಲು, ಪುಲಿಗೆರೆಯು ಲಕ್ಷ್ಮೇಶ್ವರ. ಕೊಪಣಕ್ಕೆ ಆ ಗ್ರಂಥಕಾರನು ಹೆಸರುವಾಸಿಯಾದುದೆಂದೂ ಮಹಾನಗರವೆಂದೂ ವಿಶೇಷಣಗಳನ್ನು ಹಚ್ಚಿರುವನು. ಕೊಪಣಕ್ಕೂ ಕಿಸುವೊಳಲಿಗೂ ಗೆರೆಯೆಳೆದರೆ ಕುಷ್ಟಗಿಯು ಅದರ ಮಗ್ಗುಲಲ್ಲಿಯೇ ಬೀಳುವದು. ೯೪೧ರಲ್ಲಿ ಪಂಪನು ತನ್ನ ಭಾರತವನ್ನು ಮುಗಿಸುವಾಗ, ಅದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಮೂಡಿತೆಂದು ಹೇಳಿಕೊಂಡನು. ಅದು ಊರಿನ ಮಾತೂ ಅಹುದು, ತನಗಿಂತ ಒಂದು ಶತಮಾನ ಹಿಂದಿನ ಗ್ರಂಥವೊಂದರ ಮಾತನ್ನು ಬಲ್ಲವರಿಗೆ ನೆನಪಿಸುವ ಸನ್ನೆಯೂ ಅಹುದು.

ಮುಂದೆ ೧೨ನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಹಾಳುಬಿದ್ದ ಬಸದಿಗಳನ್ನು ಎತ್ತಿಸಿದುದನ್ನು ವರ್ಣಿಸಿದ ಶಾಸನಕವಿಯು, ಗಂಗವಾಡಿ ತೊಂಬತ್ತಾರುಸಾಸಿರವೆಲ್ಲವೂ ಅವನಿಂದ ಕೊಪಣವಾಯಿತೆಂದು ಒಂದೇ ಮಾತಿನಲ್ಲಿ ಮುಗಿಸಿರುವನು. ಕಾವೇರಿಯ ಆಚೆಈಚೆಗಿನ ಜನರಿಗೆ ತುಂಗಭದ್ರೆಯ ಬಡಗಣ ಕ್ಷೇತ್ರವೊಂದು ಉಪಮಾನವಾಗಿ ನಿಂತಿತೆಂದರೆ ಅದರ ಕೀರ್ತಿಯು ಎಂಥದಿದ್ದಿರಬೇಕು! ನರಸಿಂಹ ಹೊಯ್ಸಳನ ಭಂಡಾರಿ ಹುಳ್ಳನು ಇಲ್ಲಿಯ ಮುನಿಸಂಘಕ್ಕೆ ಹೊನ್ನು ಕೊಟ್ಟು ವೃತ್ತಿಯನ್ನು ಕೊಂಡು ದಾನಮಾಡಿದ ಸಂಗತಿಯೂ ಬೆಳುಗೊಳದ ಶಾಸನದಲ್ಲಿ ಬಂದಿರುವದು. ಬರಿಯ ಹೆಸರನ್ನು ಎತ್ತಿಕೊಂಡವರಲ್ಲ, ಹಣವನ್ನೂ ಕಳುಹಿದವರು.

ಅನ್ಯರ ಮಾತನ್ನೂ ಜನರು ಬಲ್ಲ ಹೆಸರುಗಳನ್ನೂ ಕಾವ್ಯದಲ್ಲಿ ತುಂಬಿಕೊಳ್ಳುವದು ಕವಿಗೆ ಭೂಷಣವೋ ದೂಷಣವೋ ಎಂಬ ಚರ್ಚೆಯು ಹಳೆಯದು. ಕವಿರಾಜಮಾರ್ಗವು ಹುಟ್ಟಿದ ಶತಮಾನದಲ್ಲಿಯೇ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಇದನ್ನು ‘ಸಂವಾದ’ವೆಂದು ಕರೆದು ಮೂರು ಬಗೆಯನ್ನು ಹೇಳಿರುವನು. ಕನ್ನಡಿಯಲ್ಲಿಯ ಬಿಂಬದಂತೆ ಇರುವದು ಒಂದು, ಚಿತ್ರದಲ್ಲಿ ಬರೆದ ರೂಪದಂತೆ ಇರುವದು ಇನ್ನೊಂದು. ಇವೆರಡನ್ನೂ ಕವಿಯು ಬಿಡತಕ್ಕದ್ದು. ಆದರೆ ಇಬ್ಬರು ದೇಹಧಾರಿಗಳಲ್ಲಿ ಹೋಲಿಕೆಯಿದ್ದಂತೆ, ಜೀವವು ಬೇರೆ ಇದ್ದು ರೂಪ ಮಾತ್ರ ಹೋಲುವದು ಮೂರನೆಯದು, ಅದಕ್ಕೆ ಅಂಜಬೇಕಾದ್ದಿಲ್ಲ. ಸ್ವಲ್ಪ ಕಾಲದ ಮೇಲೆ ಬಂದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಇದೇ ಮಾತನ್ನು ‘ಹರಣ’ವೆಂಬ ನೇರವಾದ ಹೆಸರಿನಿಂದ ಎತ್ತಿ, ಶಬ್ದಹರಣ ಅರ್ಥಹರಣಗಳೆಂದು ವಿಂಗಡಿಸಿದನು. ಕಳ್ಳತನದ ಅಂಶವಿಲ್ಲದ ಕವಿಯೇ ಇಲ್ಲವೆಂದೂ, ಅದನ್ನು ಮರೆಮಾಚಲು ಬಲ್ಲವನು ಮಾತ್ರ ಅಪವಾದವಿಲ್ಲದೆ ಬಾಳುವನೆಂದೂ ಅವನ ಆಶಯ. ರಾಜಸಭೆಗಳನ್ನು ಬಲ್ಲವನ ಮಾತು ಇದು. ಅದರಲ್ಲಿ ತುಸು ಕುಚೋದ್ಯವೂ ಇರುವದು.

ಕನ್ನಡದ ಹಿರಿಯರು ಮರೆಮಾಚುವ ಗೋಜಿಗೆ ಹೋಗಲಿಲ್ಲ. ಗ್ರಂಥಾರಂಭದಲ್ಲಿಯೇ ಪೂರ್ವಕವಿಗಳ ಹೆಸರುಗಳನ್ನು ಎತ್ತಿ ವಂದಿಸಿ ಮುಂದೆ ನಡೆದರು. ಇದನ್ನು ಒಣ ಸಂಪ್ರದಾಯವೆಂದು ಕೆಲವು ವಿಮರ್ಶಕರು ಬದಿಗೆ ಸರಿಸುವರು, ಅದು ಸರಿಯಲ್ಲ. ರನ್ನನ ಗದಾಯುದ್ಧವನ್ನೇ ನೋಡಬಹುದು. ಪಂಪಭಾರತದ ಹದಿಮೂರನೆಯ ಆಶ್ವಾಸದ ವಸ್ತುವೇ ಅದರ ಬೀಜ. ಭಟ್ಟನಾರಾಯಣನ ವೇಣೀಸಂಹಾರದ ಸಂಸ್ಕಾರವೂ ಅದಕ್ಕೆ ಉಂಟು. ಪಂಪನು ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡಂತೆ ರನ್ನನು ಭೀಮನಲ್ಲಿ ಚಾಳುಕ್ಯ ಸತ್ಯಾಶ್ರಯನನ್ನು ಕಂಡನು. ಹಿಂದಿನ ಕಾವ್ಯವನ್ನು ಕೇಳಿಬಲ್ಲ ಸಭೆಗೆ ಈ ಬದಲಾವಣೆಯೇ ಒಂದು ರಸ. ಪಂಪನನ್ನು ಅರಿಯದವನು ಗದಾಯುದ್ಧವನ್ನು ಓದಿ ಸಂತೋಷಪಡಬಹುದು. ಅರಿತವನಿಗೆ ದೊರೆಯುವದು ಇಮ್ಮಡಿ. ಇಷ್ಟಾಗಿ ರನ್ನನು ಪಂಪ ಪೊನ್ನರೊಡನೆ ತನ್ನನ್ನೂ ಸೇರಿಸಿ ಮೂವರನ್ನು ರತ್ನತ್ರಯವೆಂದು ಕರೆದುಕೊಂಡನು. ವಂದನೆಯೊಳಗೆ ಇಷ್ಟು ಬಿಂಕವನ್ನು ಸೇರಿಸುವ ಧೈರ್ಯವು ಬಳೆಗಾರರ ಕುಲದ ಮುದುವೊಳಲಿನ ಈ ಕವಿಗೆ ಒಪ್ಪುವದು.

ಕೆಲವರಿಗೆ ಬಿರುದೇ ವಂದನೆಯಾಯಿತು, ಕೆಲವರಿಗೆ ಹೆಸರೇ ವಂದನೆಯಾಯಿತು. ನಾಗಚಂದ್ರನು ಅಭಿನವಪಂಪನಾದನು. ಗದುಗಿನ ನಾರಣಪ್ಪನು ಕುಮಾರವ್ಯಾಸನಾದನು. ಅವನನ್ನು ಕಂಡು ತೊರವೆಯ ನರಹರಿಯು ಕುಮಾರವಾಲ್ಮೀಕಿಯಾದನು. ಈ ಕೊನೆಯ ಹೆಸರಿನಲ್ಲಿ ಆದಿಕವಿಗೆ ಒಂದು ನಮಸ್ಕಾರ, ಗದುಗಿನ ಕವಿಗೆ ಇನ್ನೊಂದು. ಕುಮಾರವ್ಯಾಸನು ನಿಲ್ಲಿಸಿದ ಕಥೆಯನ್ನು ಕೃಷ್ಣದೇವರಾಯನ ಆಜ್ಞೆಯಿಂದ ತಿಮ್ಮಣ್ಣಕವಿಯು ಮುಂದುವರಿಸಿದುದೂ ಇದೇ ಬಗೆಯ ಸೇವೆ. ಭಾರತವನ್ನೇ ಏಕೆ ಆರಿಸಿಕೊಂಡೆನೆಂಬದಕ್ಕೆ ಕುಮಾರವ್ಯಾಸನು ಕೊಟ್ಟ ಕಾರಣವು ಕನ್ನಡಿಗರೆಲ್ಲರಿಗೂ ಗೊತ್ತು. ರಾಮಾಯಣದ ಕವಿಗಳ ಭಾರವನ್ನು ಹೊರಲಾರದೆ ಆದಿಶೇಷನು ತಿಣುಕಿದನಂತೆ! ಅಷ್ಟು ರಾಮಾಯಣಗಳನ್ನು ಕೇಳಿ ಬೇಸತ್ತ ಸಭೆಯಿಲ್ಲದಿದ್ದರೆ ಈ ಹಾಸ್ಯಕ್ಕೆ ನಗುವವರು ಯಾರು?

ಇಷ್ಟು ಹೊತ್ತು ಹೇಳಿದ್ದು ಕವಿಗೂ ಕವಿಗೂ ನಡುವಣ ಮಾತು. ಬೀಸುವ ಕುಟ್ಟುವ ಮನೆಗಳ ಮಾತು, ಸಂತೆಯ ಮಾತು ಕಾವ್ಯಕ್ಕೆ ಬಂದಿತೋ ಇಲ್ಲವೋ? ಬಂದಿತು. ಕಾವ್ಯವು ಅಲ್ಲಿಗೆ ಇಳಿದುದೂ ಉಂಟು. ಗಂಗರಾಜ ಶಿವಮಾರನು ಆನೆಗಳ ವಿಷಯವಾಗಿ ಬರೆದ ಗಜಾಷ್ಟಕವು ಓವನಿಗೆಯಾಗಿಯೂ ಒನಕೆವಾಡಾಗಿಯೂ ಜನರ ಬಾಯಲ್ಲಿ ನಲಿಯುತ್ತಿದ್ದಿತೆಂದು ಶಾಸನವು ಹೊಗಳಿರುವದು. ಅರಸನ ಗಜಶಾಸ್ತ್ರವನ್ನು ಹಾಡುತ್ತ ಹೆಂಗಸರು ಒರಳಿನಲ್ಲಿ ಬತ್ತವನ್ನು ಕುಟ್ಟಿದರೆಂದರೆ ಇಂದಿನವರಿಗೆ ಬೆರಗಾದೀತು. ಅತ್ತ ಮುಳುಗುಂದದ ನಯಸೇನನು ೧೧೧೨ರಲ್ಲಿ ಮುಗಿಸಿದ ಧರ್ಮಾಮೃತದಲ್ಲಿ ಧರ್ಮವನ್ನು ಬೋಧಿಸಲು ಹೊರಟು, ಹೊಲಮನೆಗಳ ಗಾದೆಗಳನ್ನು ಸಾಲಾಗಿ ಪೋಣಿಸಿಬಿಟ್ಟನು. ಒಂದು ಸಂಗತಿಯನ್ನು ಹೇಳಲು ಅವನಿಗೆ ಒಂದು ಹೋಲಿಕೆ ಸಾಲದು. ಐದು, ಆರು, ಹತ್ತು ಬರಬೇಕು. ಪ್ರೌಢಕವಿಗಳ ರುಚಿಯನ್ನು ಹಿಡಿದವರು ಇದನ್ನು ದೋಷವೆಂದೇ ಹೇಳುವರು; ಅತಿಯಾಯಿತೆಂಬದು ಸುಳ್ಳೂ ಅಲ್ಲ. ಆದರೂ ಆ ಕಾಲದ ಒಕ್ಕಲಿಗನು ಏನನ್ನು ಕಂಡು ನಗುತ್ತಿದ್ದನು, ಯಾವದನ್ನು ಕಂಡು ಮೂಗು ಮುರಿಯುತ್ತಿದ್ದನು ಎಂಬದು ಬೇಕಾದರೆ ಪಂಪನಿಗಿಂತಲೂ ನಯಸೇನನನ್ನೇ ಕೇಳಬೇಕು. ಕನ್ನಡದಲ್ಲಿ ಸಕ್ಕದವನ್ನು ಬೆರೆಸುವದು ತುಪ್ಪದಲ್ಲಿ ಎಣ್ಣೆಯನ್ನು ಬೆರೆಸಿದಂತೆಂದು ಅವನು ಗೇಲಿಮಾಡಿದನು. ಆ ಹೋಲಿಕೆಯೂ ಅಡಿಗೆಮನೆಯದೇ.

ಈ ಬಗೆಯು ಆಟದ ಅಟ್ಟದ ಮೇಲೆ ಇನ್ನೂ ಜೀವಂತವಾಗಿರುವದು. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನು ಹಾಕಿದ ದಾರಿಯಲ್ಲಿ ೧೯ನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಯಿಸಿದ ಶ್ರೀಕೃಷ್ಣಪಾರಿಜಾತದಲ್ಲಿ ಹಾಡುಗಳು ಗೊತ್ತಾದವು. ನಡುವಣ ಮಾತುಗಳಿಗೆ ಕಟ್ಟಿಲ್ಲ. ಭಾಗವತನು ಪಾತ್ರಗಳನ್ನು ಮಾತಿಗೆಳೆಯುವಾಗ ಆಟ ನಡೆದ ಊರಿನ ಕೆರೆ, ಊರಿನ ಸಂತೆ, ಮೊನ್ನೆ ನಡೆದ ಜಗಳ ಎಲ್ಲವೂ ದ್ವಾರಕೆಯೊಳಗೆ ಬಂದು ಕೂಡುವವು. ಸತ್ಯಭಾಮೆಯ ಸೆಡವಿಗೆ ಆ ಊರಿನ ಹೋಲಿಕೆಯು ಬಿದ್ದಾಗಲೇ ಮುಂದೆ ಕುಳಿತವರು ಚಪ್ಪಾಳೆ ತಟ್ಟುವರು. ಮರುದಿನ ಬೇರೆ ಊರಿನಲ್ಲಿ ಆ ಮಾತು ಸಾಗದು. ಆದ್ದರಿಂದಲೇ ಅಂಥ ಮಾತುಗಳು ಬರವಣಿಗೆಗೆ ಸಿಗದೆ ಹೋದವು.

ನಯಸೇನನು ಧರ್ಮಾಮೃತವನ್ನು ಮುಗಿಸಿದ ೧೧೧೨ನೆಯ ವರ್ಷದಲ್ಲಿಯೇ ಕುಕನೂರಿಗೆ ಸಮೀಪದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಮಹಾದೇವಾಲಯವನ್ನು ಕಟ್ಟಿಸಿದನು. ಶಾಸನವು ಅದನ್ನು ದೇವಾಲಯಚಕ್ರವರ್ತಿಯೆಂದು ಕೊಂಡಾಡಿರುವದು. ಅಲ್ಲಿಯ ಹೊರಗೋಡೆಯ ಅರೆಗಂಬಗಳ ಮೇಲೆ ಗೇಣುದ್ದದ ಪುಟ್ಟ ಶಿಖರಗಳನ್ನು ಕೆತ್ತಿರುವರು. ಲಕ್ಕುಂಡಿಯ ಕಾಶೀವಿಶ್ವೇಶ್ವರನಲ್ಲಿಯೂ ಅವು ಕಾಣುವವು. ಅವು ಬರಿಯ ಅಲಂಕಾರವೆಂದು ಕಣ್ಣು ಜಾರಬಹುದು. ನಿಂತು ನೋಡಿದರೆ ಒಂದು ಶಿಖರ ದ್ರಾವಿಡ, ಇನ್ನೊಂದು ನಾಗರ. ಬೇರೆ ಬೇರೆ ದೇಶಗಳ ಗುಡಿಗಳ ರೂಪಗಳು. ತಾನು ಕಟ್ಟುತ್ತಿದ್ದ ಗುಡಿಯು ಒಂದೇ ಬಗೆಯದಾದರೂ ಲೋಕದಲ್ಲಿ ಎಷ್ಟು ಬಗೆಯ ಗುಡಿಗಳುಂಟೆಂಬದನ್ನು ತಾನು ಬಲ್ಲೆನೆಂದು ರೂವಾರಿಯು ಗೋಡೆಯ ಮೇಲೆ ಬರೆದಿಟ್ಟನು. ಕವಿಯ ಪೂರ್ವಕವಿಸ್ತುತಿಗೂ ಈ ಕಲ್ಲಿನ ಕೆಲಸಕ್ಕೂ ಭೇದವು ಸಾಮಗ್ರಿಯಲ್ಲಿ ಮಾತ್ರ.

ಸ್ಮರಣೆಯು ಸಾಲದ ಪತ್ರವಿದ್ದಂತೆ. ಸಾಲಗಾರನೂ ಸಾಹುಕಾರನೂ ಹೋದ ಮೇಲೆ ಕೆಲವೊಮ್ಮೆ ಪತ್ರವೊಂದೇ ಉಳಿಯುವದು. ಕವಿರಾಜಮಾರ್ಗವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂದು ಗದ್ಯಕಾರರನ್ನು ಎಣಿಸಿದೆ. ಅವರ ಕನ್ನಡ ಗದ್ಯದ ಒಂದು ಗರಿಯೂ ಉಳಿದಿಲ್ಲ. ಆಗ ಬಳಕೆಯಲ್ಲಿದ್ದ ಬೆದಂಡೆ, ಚತ್ತಾಣಗಳೆಂಬ ರಚನೆಗಳ ಲಕ್ಷಣವುಂಟು, ಆ ಕಾಲದ ಲಕ್ಷ್ಯವಿಲ್ಲ. ಒನಕೆವಾಡಾಗಿ ಮೆರೆದ ಗಜಾಷ್ಟಕವೂ ಹೋಯಿತು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಸುಮಾರು ೧೨೪೫ರಲ್ಲಿ, ಮಲ್ಲಿಕಾರ್ಜುನನು ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ ಸೂಕ್ತಿಸುಧಾರ್ಣವವನ್ನು ಕೂಡಿಸದಿದ್ದರೆ ಇನ್ನೆಷ್ಟೋ ಪದ್ಯಗಳು ಆ ದಾರಿಯನ್ನೇ ಹಿಡಿಯುತ್ತಿದ್ದವು. ಆತನ ಮಗ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ ಗಜಗ, ಗುಣನಂದಿ, ಮನಸಿಜ, ಅಸಗ ಮೊದಲಾದವರ ಮಾರ್ಗವೇ ತನಗೆ ಲಕ್ಷ್ಯವೆಂದನು. ಅವರಲ್ಲಿ ಅಸಗನ ಸಂಸ್ಕೃತ ವರ್ಧಮಾನಚರಿತವು ಸಿಕ್ಕಿರುವದು, ಕನ್ನಡ ಕಾವ್ಯವು ಸಿಕ್ಕಿಲ್ಲ. ವಿಚಿತ್ರವೇನೆಂದರೆ ಕೇಶಿರಾಜನು ತಾನು ಬರೆದ ಚೋಳಪಾಲಕಚರಿತ, ಸುಭದ್ರಾಹರಣ ಮೊದಲಾದ ಕಾವ್ಯಗಳನ್ನೂ ಅಲ್ಲಿಯೇ ಹೆಸರಿಸಿರುವನು. ವ್ಯಾಕರಣವು ಉಳಿಯಿತು, ಕಾವ್ಯಗಳು ಅಳಿದವು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಮಾತಿನ ತೂಕವು ಇಂಥಲ್ಲಿ ತಿಳಿಯುವದು.

ಕೊಪಣದ ಹೆಸರಿಗೆ ಬಂದ ಗತಿಯು ಇದಕ್ಕೆ ವಿಪರೀತವಾದುದು. ಇಲ್ಲಿ ಪದ್ಯವು ಉಳಿಯಿತು, ಊರೂ ಉಳಿಯಿತು; ಎರಡರ ನಡುವಣ ತಂತು ಹರಿಯಿತು. ಬಸದಿಗಳು ಹಾಳಾದವು, ಆಳುವವರು ಬದಲಾದರು. ೧೯೪೮ರವರೆಗೆ ಈ ಸೀಮೆಯು ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಅಲ್ಲಿ ಮೇಲಿನ ಶಿಕ್ಷಣವು ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ತಿರುಳ್ಗನ್ನಡದ ಎಲ್ಲೆಯೊಳಗೆ ಹುಟ್ಟಿದ ಬಾಲಕನಿಗೆ ರನ್ನನ ಹೆಸರು ಶಾಲೆಯಲ್ಲಿ ಕಿವಿಗೆ ಬೀಳುವದು ದುರ್ಲಭವಾಗಿದ್ದಿತು. ಆದರೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ೧೯೩೧ರಲ್ಲಿ ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಧರ್ಮಲಿಪಿಗಳು ಬೆಳಕಿಗೆ ಬಂದ ಬಳಿಕ, ಅದೇ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯು ೧೯೩೫ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರಿಂದ ಕೊಪ್ಪಳದ ಕನ್ನಡ ಶಾಸನಗಳನ್ನು ಸಂಪಾದಿಸಿ ಅಚ್ಚುಹಾಕಿಸಿತು. ಮುನಿಗಳ ಸಮಾಧಿಮರಣಗಳು, ನಿಸಿದಿಗಳು, ಬಂಡೆಗಳ ಮೇಲೆ ಕೆತ್ತಿದ ಪಾದಗಳು: ಇವೆಲ್ಲವೂ ಆ ಪುಸ್ತಕದಿಂದ ಹೊರಬಿದ್ದಾಗ, ರನ್ನನು ಬೆಟ್ಟವೊಂದನ್ನು ಅರಳೆ ಗಂಗೆಗಳ ಪಂಕ್ತಿಯಲ್ಲಿ ಕೂಡಿಸಿದ್ದೇಕೆಂಬದು ತಾನಾಗಿ ವಿದಿತವಾಯಿತು.

ಆ ಶಾಸನಗಳಲ್ಲಿ ಅತಿ ಚಿಕ್ಕದೊಂದು ಪಾಲ್ಕಿಗುಂಡಿನ ಬೆಟ್ಟದಲ್ಲಿರುವದು. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬಷ್ಟೇ ಅದರ ಒಕ್ಕಣೆ. ಈ ಹೆಸರು ಪೂರ್ವಕವಿಸ್ಮರಣೆಗಳನ್ನು ಓದಿದವರಿಗೆ ಹೊಸದಲ್ಲ. ೭೭೯ರಲ್ಲಿ ಉದ್ಯೋತನಸೂರಿಯು ಪ್ರಾಕೃತದ ಕುವಲಯಮಾಲೆಯಲ್ಲಿಯೂ, ೭೮೩ರಲ್ಲಿ ಜಿನಸೇನನು ಹರಿವಂಶದಲ್ಲಿಯೂ ವರಾಂಗಚರಿತವೆಂಬ ಕಾವ್ಯವನ್ನು ಸ್ತುತಿಸಿದ್ದರು. ಆದಿಪುರಾಣವನ್ನು ಬರೆದ ಇನ್ನೊಬ್ಬ ಜಿನಸೇನನು ಜಟಾಚಾರ್ಯನನ್ನು ನೆನೆದು, ಕಾವ್ಯಚಿಂತನದಲ್ಲಿ ಅಲುಗುವ ಆತನ ಜಟೆಗಳೇ ಅರ್ಥವನ್ನು ವಿವರಿಸುವಂತಿದ್ದವೆಂದು ಸೊಗಸಾಗಿ ಬಣ್ಣಿಸಿದ್ದನು. ಕನ್ನಡದಲ್ಲಿ ಪಂಪನು, ನಯಸೇನನು, ಜನ್ನನು, ಹೀಗೆ ಒಬ್ಬರ ಹಿಂದೆ ಒಬ್ಬರು ಆತನನ್ನು ವಂದಿಸಿದ್ದರು. ಕಾವ್ಯ ಮಾತ್ರ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ವರಾಂಗಚರಿತವು ರವಿಷೇಣನದೆಂದು ಊಹಿಸಿದವರೂ ಇದ್ದರು. ಇಂಥ ಸ್ಥಿತಿಯಲ್ಲಿ ಬೆಳಗಾವಿ ಸೀಮೆಯ ಸದಲಗದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರಿಗೆ ಅದರ ತಾಳೆಯೋಲೆಯ ಪ್ರತಿಗಳು ದೊರೆತವು. ಮೂವತ್ತೊಂದು ಸರ್ಗಗಳ ಆ ಸಂಸ್ಕೃತ ಕಾವ್ಯವನ್ನು ಅವರು ೧೯೩೮ರಲ್ಲಿ ಪ್ರಕಟಿಸಿದರು.

ಗ್ರಂಥವು ಜಟಾಸಿಂಹನಂದಿಯದೆಂದು ನಿರ್ಣಯಿಸಲು ಉಪಾಧ್ಯೆಯವರಿಗೆ ನೆರವಾದವು ಯಾವವು? ಇದೇ ಹಳೆಯ ವಂದನೆಗಳು. ಒಣ ಸಂಪ್ರದಾಯವೆಂದು ಓದುಗರು ಹಾರಿಸಿ ಬಿಡುವ ಆ ಪೀಠಿಕಾಪದ್ಯಗಳೇ ಸಾಕ್ಷಿಗಳಾಗಿ ಬಂದು ನಿಂತವು. ಉಪಕಾರಸ್ಮರಣೆಗೆಂದು ಒಬ್ಬೊಬ್ಬ ಕವಿಯು ಬರೆದಿಟ್ಟ ಒಂದೆರಡು ಸಾಲುಗಳು, ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ, ಅನಾಥವಾಗಿದ್ದ ಒಂದು ಕಾವ್ಯಕ್ಕೆ ತಂದೆಯನ್ನು ತೋರಿಸಿಕೊಟ್ಟವು. ಕೊಪಣದಲ್ಲಿ ಪಾದಗಳನ್ನು ಬಿಟ್ಟ ಆಚಾರ್ಯನೇ ಈ ಕವಿಯೆಂದು ಉಪಾಧ್ಯೆಯವರೂ ಇತರ ವಿದ್ವಾಂಸರೂ ಎಣಿಸಿರುವರು. ಹಾಗಿದ್ದಲ್ಲಿ, ಪಂಪನೂ ನಯಸೇನನೂ ಗ್ರಂಥಾರಂಭದಲ್ಲಿ ಕೈಮುಗಿದದ್ದು ಈ ಬೆಟ್ಟದಲ್ಲಿ ಪಾದಗಳುಳಿದ ಪುರುಷನಿಗೆ. ರನ್ನನು ಅತ್ತಿಮಬ್ಬೆಯ ಚರಿತಕ್ಕೆ ಹೋಲಿಸಿದ್ದೂ ಈ ಬೆಟ್ಟವನ್ನೇ.

೧೯೯೭ರಲ್ಲಿ ಕೊಪ್ಪಳವು ಜಿಲ್ಲೆಯಾದಾಗ ಕುಷ್ಟಗಿಯು ಅದರ ತಾಲೂಕುಗಳಲ್ಲಿ ಒಂದಾಯಿತು. ಕುಷ್ಟಗಿಯಿಂದ ಹೋದವರು ಪಾಲ್ಕಿಗುಂಡನ್ನು ಏರಿದರೆ, ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಕಲ್ಲುಗಳ ಮೇಲೆ ನಿಂತ ಹಿರಿಯ ಬಂಡೆಯ ಕೆಳಗೆ ಅಶೋಕನ ಲಿಪಿಯನ್ನು ಮೊದಲು ಕಾಣುವರು; ಸಾಮಾನ್ಯವಾಗಿ ಅದನ್ನು ನೋಡಿ ಇಳಿದುಬಿಡುವರು. ಅಲ್ಲಿಯೇ ಸಮೀಪದಲ್ಲಿ ಬಂಡೆಯ ಮೇಲೆ ಎರಡು ಪಾದಗಳೂ ಹಳಗನ್ನಡದ ಆ ಬರೆಹವೂ ಇರುವವು. ಆಚಾರ್ಯನ ಹೆಸರನ್ನು ಕವಿಗಳು ಹೊತ್ತರು. ಚಾವಯ್ಯನ ಹೆಸರನ್ನು ಹೊತ್ತಿರುವದು ಆ ಕಲ್ಲು.